ಹಲಗೆ ಕಾಯಿಸುವ ಹೊತ್ತು

ನನ್ನ ಸಿಮೆಂಟ್ ಅಂಗಡಿಗೆ ಬಂದವರು ಸಿಮೆಂಟ್ ಒಯ್ಯಬೇಕು, ಸುಮ್ಮನೆ ಹೋಗಬೇಕು. ಅದು ಬಿಟ್ಟು, "ಏನ್ರಿ ಪ್ರವೀಣಕುಮಾರ್, ಹಿಂದಕ ನೀವು ರಾಕ್ ಬ್ಯಾಂಡ್ ಮಾಡಿದ್ರಂತಲ್ರಿ, ಒಂದು ಹಾಡು ಹಾಡ್ರಿ ನೋಡೋಣ" ಎಂದು ಹಲ್ಲು ಕಿರಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಡಂತೆ ಹಾಡು! ಆ ಬ್ಯಾಂಡಿನ ಜೀವ ಹಾಡುವವನಲ್ಲಿ ಇರಲೇ ಇಲ್ಲ. ಹಲಗೆ ಬಡಿಯುವವನಲ್ಲಿತ್ತು. ಅವನ ಹೆಸರು ಕೆಡಿಸಿದವನು ನಾನು. ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದು ಸಾಕು.

ತೊಂಬತ್ತಾರನೆಯ ಇಸವಿ. ಕೊಟ್ಟೂರಿನಲ್ಲಿ ನಮ್ಮಪ್ಪ ಗುರುಸಂಗಪ್ಪನವರ ಶೇಂಗಾ ಗೋದಾಮು ಮಳೆಗಾಲದ ತಿಂಗಳಲ್ಲಿ ಖಾಲಿ ಬಿದ್ದಿರುತ್ತಿತ್ತು. ರೇಡಿಯೊ ರಿಪೇರಿ ಮಾಡುವ ಗಾದಿಲಿಂಗ ಹಂಪಿಗೆ ಹೋದಾಗ ಯಾರೋ ವಿದೇಶಿಯವನನ್ನು ಪುಸಲಾಯಿಸಿ ಒಂದು ಹಳೆಯ ಗಿಟಾರು, ಎರಡು ಕ್ಯಾಸೆಟ್ಟು ಗಿಟ್ಟಿಸಿಕೊಂಡು ಬಂದಿದ್ದ. ಗೋದಾಮಿನಲ್ಲಿ ಬಾಗಿಲು ಹಾಕಿಕೊಂಡು ಆ ಕ್ಯಾಸೆಟ್ ಕೇಳಿದೆವು. ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಹಾಡುವವನ ಸಿಟ್ಟು ಪೂರಾ ಅರ್ಥವಾಯಿತು. "ಲೇ, ಇಷ್ಟು ಸಿಟ್ಟನ್ನ ಹಾಡಿನ್ಯಾಗ ಹಾಕಬೋದೇನಲೇ?" ಎಂದು ನಾನು ಕೇಳಿದೆ. ಕೀಬೋರ್ಡ್ ಕಲಿಯುತ್ತಿದ್ದ ಶ್ರೀನಾಥ, "ನಿನ್ನ ಬಾಯಾಗ ಮತ್ತೇನೈತಿ, ಅದನ್ನ ಹಾಕು" ಎಂದ. ಹೀಗೆ ನಾನು ಸಿಂಗರ್ ಆದೆ.

ಗಾದಿಲಿಂಗ ಹಳೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಬಿಚ್ಚಿ ಏನೋ ಬೆಸುಗೆ ಹಾಕಿ, ಗಿಟಾರನ್ನು ಅದಕ್ಕೆ ಸಿಕ್ಕಿಸಿ ತಂತಿ ಮೀಟಿದರೆ ಗೋದಾಮಿನ ತಗಡೆಲ್ಲ ಗಡಗಡ ಅನ್ನುತ್ತಿತ್ತು. ತಾಳ ಮಾತ್ರ ಇರಲಿಲ್ಲ. ನಾನೇ ಎಣ್ಣೆ ಡಬ್ಬಿ ಬಡಿಯುತ್ತಿದ್ದೆ. ಒಂದು ದಿನ ಖಾಲಿ ಚೀಲ ಇಳಿಸಲು ಬಂದ ಹಮಾಲಿಯೊಬ್ಬ ಬಾಗಿಲಲ್ಲಿ ನಿಂತು ನಗುತ್ತಿದ್ದ. ಕೂಡ್ಲಿಗಿ ಕಡೆಯ ಹಳ್ಳಿಯವನು, ಹೆಸರು ಹುಲುಗಪ್ಪ, ನಮ್ಮದೇ ವಯಸ್ಸು.

"ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಈ ಡಬ್ಬಿ ಕೇಳಿದ್ರ ಆಕಳಿಕಿ ಬರ್ತೈತಿ."

"ಹಂಗಾರ ನೀ ಬಡಿ ಬಾರಲೇ" ಎಂದ ಗಾದಿಲಿಂಗ.

ಮರುದಿನ ಹುಲುಗಪ್ಪ ಹಲಗೆ ತಂದ. ಅವರ ಕೇರಿಯಲ್ಲಿ ಊರಮ್ಮನ ಮುಂದೆ ಬಡಿಯುವ ಸರದಿ ಅವನ ಮನೆಯದು. ಬಂದವನು ಬಾರಿಸಲಿಲ್ಲ. ಅಂಗಳದಲ್ಲಿ ಶೇಂಗಾ ಹೊಟ್ಟು ಗುಡ್ಡೆ ಮಾಡಿ ಬೆಂಕಿ ಹಚ್ಚಿ, ಒಂದು ಮೊಳ ದೂರದಲ್ಲಿ ಹಲಗೆ ಹಿಡಿದು ಕುಳಿತ. ತಂಪಿಗೆ ತೊಗಲು ಜೋಲುತ್ತದೆ, ಕಾಯಿಸಿದರೆ ಬಿಗಿಯುತ್ತದೆ. ತಿರುಗಿಸುತ್ತಲೇ ಇರಬೇಕು, ನಡುನಡುವೆ ಬೆರಳಿನಿಂದ ತಟ್ಟಿ ಕೇಳಬೇಕು. ಅರ್ಧ ತಾಸು ಹೋಯಿತು. ನಾನು ಮೊದಲೇ ತಾಳ್ಮೆಗೆಟ್ಟವನು, "ಇನ್ನೂ ಎಷ್ಟೊತ್ತಲೇ?" ಎಂದು ಹತ್ತು ಸಲ ಕೇಳಿದೆ.

"ಅವಸರ ಮಾಡಿದ್ರ ಹರೀತೈತ್ರಿ" ಎಂದ.

ಆಮೇಲೆ ಎದ್ದು ಬಾರಿಸಿದ. ಅಬ್ಬಾ! ಗಾದಿಲಿಂಗ ಗಿಟಾರು ಹಿಡಿದು ಅದರ ಹಿಂದೆ ಓಡಿದ. ನಾನು ನನ್ನ ಒಂದೇ ಒಂದು ಹಾಡು, "ಬಸ್ಸು ಬರಲಿಲ್ಲ, ಬಿಸಿಲು ಹೋಗಲಿಲ್ಲ" ಎನ್ನುವುದನ್ನು ಕಿರುಚಿದೆ. ಹಾಡು ಮುಗಿದಾಗ ನನ್ನ ಕಣ್ಣಲ್ಲಿ ನೀರಿತ್ತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಲಿಲ್ಲ, ಬೇಕಾದರೆ ನನ್ನ ಹೆಂಡತಿ ಪುಷ್ಪಲತಾಳನ್ನೇ ಕೇಳಿ.

'ಕೊಟ್ಟೂರು ಥಂಡರ್ಸ್' ಎಂದು ಬೋರ್ಡ್ ಬರೆಸಿದೆವು. ಜನ 'ಗದ್ಲದ ಹುಡುಗ್ರು' ಅಂದರು. ಬಾಡಿಗೆ ಮೆಟಡಾರಿನಲ್ಲಿ ಮೂರು ವರ್ಷ ಊರೂರು ಸುತ್ತಿದೆವು. ಹಗರಿಬೊಮ್ಮನಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಮೊದಲ ಹಾಡು ಶುರುವಾದ ಕೂಡಲೇ ಒಬ್ಬ ಅಜ್ಜ ಎದ್ದು ನಿಂತು, "ತಮ್ಮಾ, ಮೈಕ್ ಕೆಟ್ಟೈತಿ, ನೋಡ್ರಪಾ" ಎಂದ. ಗಾದಿಲಿಂಗನಿಗೆ ಮುಖಭಂಗವಾಯಿತು. "ಅದು ಕೆಟ್ಟಿಲ್ಲಜ್ಜ, ನಾವ ಕೆಡಿಸೇವಿ!" ಎಂದು ಮೈಕಿನಲ್ಲೇ ಹೇಳಿದ. ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ಕೇಳಿದರು. ಶಾಲೆಯ ಪಡಸಾಲೆಯಲ್ಲಿ ಮಲಗಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಯಾವ ಹಾಡು ಮೊದಲು ಎಂದು ಜಗಳವಾಡಿ, ಮತ್ತೆ ಒಂದೇ ಬೀಡಿ ಸೇದಿ ಮುಂದಿನ ಊರಿಗೆ ಹೋಗುತ್ತಿದ್ದೆವು. ಎಲ್ಲಿ ಹೋದರೂ ಸ್ಟೇಜಿನ ಬದಿಗೆ ಹುಲುಗಪ್ಪನ ಬೆಂಕಿ ಇರಬೇಕು. ನಮ್ಮನ್ನು 'ಸಾವ್ಕಾರ್ರ' ಅನ್ನುವುದನ್ನು ಗಾದಿಲಿಂಗ ಬೈದು ಬಿಡಿಸಿದ್ದ. ಹುಲುಗಪ್ಪನ ಬಾಯಲ್ಲಿ ನಾನು 'ಪ್ರವೀಣಣ್ಣ' ಆದೆ.

ಹಡಗಲಿಯಲ್ಲಿ ನಡುಹಾಡಿಗೆ ಕರೆಂಟು ಹೋಯಿತು. ಗಿಟಾರು, ಕೀಬೋರ್ಡು, ನನ್ನ ಮೈಕು, ಎಲ್ಲ ಸತ್ತವು. ಹುಲುಗಪ್ಪ ನಿಲ್ಲಿಸಲೇ ಇಲ್ಲ. ಮುಕ್ಕಾಲು ತಾಸು ಒಬ್ಬನೇ ಬಾರಿಸಿದ. ಜನ ಲಾಟೀನು, ಬ್ಯಾಟರಿ ಹಿಡಿದು ಕುಣಿದರು. ಕರೆಂಟು ಬಂದ ಮೇಲೆ ನಾನು ಹಾಡಲು ಹೋದರೆ, "ನೀ ಸುಮ್ನಿರೋ, ಹಲಗಿ ಬಾರಸ್ಲಿ" ಎಂದು ಯಾರೋ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಹೊಟ್ಟೆಕಿಚ್ಚು ಹತ್ತಿತು, ಸುಳ್ಳು ಯಾಕೆ ಹೇಳಲಿ?

ಇನ್ನೊಂದು ಮಾತೂ ಹೇಳಬೇಕು. ಊಟದ್ದು. ಮಾಗಳದಲ್ಲಿ ಊರ ದೊಡ್ಡವರ ಮನೆಯಲ್ಲಿ ನಮಗೆ ಊಟ. ಯಾರೂ ಏನೂ ಹೇಳುವ ಮೊದಲೇ ಹುಲುಗಪ್ಪ ಹೊರಗೆ ಮರದ ಕಟ್ಟೆಗೆ ಹೋಗಿ ಕುಳಿತ. ಊರಿನವರು ಉಂಡೆದ್ದ ಮೇಲೆ ಅವನಿಗೆ ಎಲೆ. ಆಮೇಲೆ ಎಲ್ಲ ಊರಿನಲ್ಲೂ ಅದೇ ಪದ್ಧತಿಯಾಯಿತು. ಒಂದೆರಡು ಸಲ ಗಾದಿಲಿಂಗ ತನ್ನ ಎಲೆ ಹಿಡಿದುಕೊಂಡು ಅವನ ಪಕ್ಕ ಹೋಗಿ ಕುಳಿತದ್ದುಂಟು. ನಾನು ಹೋಗಲಿಲ್ಲ. ತಾನಾಗಿಯೇ ಹೊರಗೆ ಹೋಗುತ್ತಾನಲ್ಲ, ನನಗೆ ಬಾಯಿ ಬಿಡುವ ಕಷ್ಟ ತಪ್ಪಿತು ಎಂದು ಒಳಗೊಳಗೇ ಸಮಾಧಾನಪಟ್ಟೆ. ಥೂ, ನನ್ನ ಸಮಾಧಾನಕ್ಕೆ!

ತೊಂಬತ್ತೊಂಬತ್ತರ ಆಷಾಢದಲ್ಲಿ ಹರಪನಹಳ್ಳಿಯಲ್ಲಿ ಯುವಕ ಸಂಘದವರು ಸ್ಪರ್ಧೆ ಇಟ್ಟರು. ದಾವಣಗೆರೆಯಿಂದ ಕ್ಯಾಸೆಟ್ ಕಂಪನಿಯ ಪಾಲಾಕ್ಷಪ್ಪ ಬರುತ್ತಾರೆ, ಮೆಚ್ಚಿದರೆ ಕ್ಯಾಸೆಟ್ ಮಾಡುತ್ತಾರೆ ಎಂದು ಸುದ್ದಿ. ನಾಲ್ಕು ಗಂಟೆಗೆ ನಮ್ಮ ಸರದಿ, ಇಪ್ಪತ್ತೇ ನಿಮಿಷ. ಬೆಳಗಿನಿಂದ ಜಿಟಿಜಿಟಿ ಮಳೆ. ಹಲಗೆ ಒದ್ದೆ ಬಟ್ಟೆಯ ಹಾಗೆ ಬೊದ್ ಬೊದ್ ಅನ್ನುತ್ತಿತ್ತು. ಸಂಘದ ಯಜಮಾನರ ಮನೆಯಲ್ಲಿ ಊಟ. ಎಲ್ಲರದೂ ಮುಗಿದು ಹುಲುಗಪ್ಪನಿಗೆ ಎಲೆ ಹಾಕುವಾಗ ಮೂರೂವರೆ. ಅವನು ಹಿತ್ತಲಿನ ಛಾವಣಿಯಡಿ ಬೆಂಕಿ ಮಾಡಿ ಹಲಗೆ ನಿಲ್ಲಿಸಿದ್ದ.

"ಪ್ರವೀಣಣ್ಣ, ಎರಡು ತುತ್ತು ತಿಂದು ಬಂದೆ. ಒಂಚೂರು ತಿರುವ್ಯಾಡ್ತಿರು. ಮೊಳ ದೂರನ ಇರ್ಲಿ."

"ಹೋಗಲೇ, ನಾ ನೋಡ್ಕೊಂತೀನಿ" ಎಂದೆ.

ಅವನು ಹೊರಗೆ ಹೋದ. ನಾನು ಬೆರಳಿನಿಂದ ತಟ್ಟಿದೆ. ಬೊದ್. ವಾಚು ನೋಡಿದೆ. ಮೊಳ ದೂರದಿಂದ ಎಂದಿಗೆ ಕಾಯಬೇಕು ಇದು? ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಬೆಂಕಿಯ ಹತ್ತಿರಕ್ಕೆ, ಒಂದು ಗೇಣಿಗೆ ಎಳೆದಿಟ್ಟೆ. ಅಷ್ಟರಲ್ಲಿ ಪಡಸಾಲೆಗೆ ಪಾಲಾಕ್ಷಪ್ಪ ಬಂದರು. "ಸಿಂಗರ್ ಯಾರಪ್ಪಾ?" ಎಂದು ಕೇಳಿದರು. ಸಿಂಗರ್! ನಾನು ಓಡಿದೆ. ಐದು ನಿಮಿಷವೋ, ಹತ್ತೋ, ಅವರ ಮುಂದೆ ನನ್ನ ಪ್ರತಾಪ ಹೇಳುತ್ತ ನಿಂತೆ. ಬೆಂಕಿಯ ನೆನಪು ನಡುವೆ ಒಂದು ಸಲ ಬಂತು. ಬಂದರೂ ಹೋಗಲಿಲ್ಲ. ಇದನ್ನು ನಾನು ಹನ್ನೆರಡು ವರ್ಷ ಯಾರಿಗೂ ಹೇಳಲಿಲ್ಲ.

ಫಟ್ ಎಂದು ಸದ್ದಾಯಿತು. ಸುಟ್ಟ ತೊಗಲಿನ ವಾಸನೆ ಪಡಸಾಲೆಗೆಲ್ಲ ಬಂತು. ಎಲ್ಲರೂ ಹಿತ್ತಲಿಗೆ ಓಡಿದರು. ಹಲಗೆ ನಡುಮಧ್ಯೆ ಹರಿದಿತ್ತು, ತೊಗಲು ಬಿಗಿದ ಮರದ ಬಳೆಯೂ ಒಂದು ಕಡೆ ಕರಕಲಾಗಿತ್ತು. ಹುಲುಗಪ್ಪ ಅನ್ನದ ಕೈಯಲ್ಲೇ ಓಡಿ ಬಂದ.

"ಏನಾತಣ್ಣ? ಬಳಿ ನಮ್ಮ ಮುತ್ತ್ಯಾಂದು..."

ಪಾಲಾಕ್ಷಪ್ಪ ನನ್ನನ್ನೇ ನೋಡುತ್ತಿದ್ದರು. "ನೀನ ಹತ್ರ ಇಟ್ಟು ಹೋಗಿದ್ದೆಲ್ಲಲೇ! ನಾ ಅದನ್ನ ಮುಟ್ಟೇ ಇಲ್ಲ!" ಎಂದೆ.

ಮನೆಯ ಯಜಮಾನರು ಕೂಡಲೇ, "ಹೌದು ಮತ್ತೆ, ಅವ್ರು ಯಾಕ್ ಮುಟ್ತಾರೆ ಹಲಗೇನ? ನಿನ್ ವಸ್ತು ನೀನ್ ನೋಡ್ಕೋಬೇಕಪ್ಪ" ಎಂದರು. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಗುರುಸಂಗಪ್ಪನ ಮಗ ಹಲಗೆ ಮುಟ್ಟುವುದುಂಟೆ? ನನ್ನ ಸುಳ್ಳಿಗೆ ಸಾಕ್ಷಿಯೇ ಬೇಕಾಗಲಿಲ್ಲ. ಹುಲುಗಪ್ಪ ನನ್ನ ಮುಖ ನೋಡಿದ. ಕರಕಲಾದ ಬಳೆ ಎತ್ತಿಕೊಂಡು ಮಳೆಯಲ್ಲೇ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ. ಗಾದಿಲಿಂಗ ಅವನ ಹಿಂದೆ ಹೋಗಲು ಹೊರಟರೆ, "ಟೈಮ್ ಇಲ್ಲಲೇ" ಎಂದು ತಡೆದವನೂ ನಾನೇ.

ಶ್ರೀನಾಥ ಕೀಬೋರ್ಡಿನಲ್ಲಿ ತಾಳದ ಬಟನ್ ಒತ್ತಿದ. ಟಿಕ್ ಟಿಕ್ ಟಿಕ್. ಅದರ ಮೇಲೆ ಹಾಡಿ ಗೆದ್ದೆವು, ಕ್ಯಾಸೆಟ್ಟೂ ಆಯಿತು. ಒಬ್ಬರೂ ಎರಡನೆಯ ಸಲ ಕೇಳುವ ಹಾಗಿರಲಿಲ್ಲ. ಕರೆದ ಊರಿನವರು, "ಹಲಗಿಯವ ಎಲ್ಲಿ?" ಎಂದು ಮೊದಲು ಕೇಳುತ್ತಿದ್ದರು. ವರ್ಷದೊಳಗೆ ಬ್ಯಾಂಡು ಮುರಿಯಿತು. ಮುರಿಯಲಿ, ಅದಕ್ಕೆ ನನಗೆ ದುಃಖವಿಲ್ಲ.

ದುಃಖ ಆಮೇಲೆ ಗೊತ್ತಾಯಿತು. ಎರಡು ಸಾವಿರದ ಹತ್ತರ ಹೊತ್ತಿಗೆ ನಾನು ಸಿಮೆಂಟ್ ಅಂಗಡಿ ಹಾಕಿ ಕೆಲವು ವರ್ಷವಾಗಿತ್ತು. ಗಾದಿಲಿಂಗ ಒಂದು ದಿನ ಬಂದು ಕುಳಿತ.

"ಹುಲುಗಪ್ಪ ಸಿಕ್ಕಿದ್ದನಲೇ. ಇಟ್ಟಂಗಿ ಭಟ್ಟಿಗೆ ಹೋಗ್ತಾನ. ಅವರ ಕೇರಿಯಾಗ ಹಲಗಿ ಸುಟ್ಟವನ ಕೈಯಾಗ ಮತ್ತ ಹಲಗಿ ಕೊಡಂಗಿಲ್ಲಂತ. ಊರಮ್ಮನ ಮುಂದ ಬಾರಿಸೋ ಸರದಿ ಬ್ಯಾರೆ ಮನಿಗೆ ಹೋಗೇತಿ. ಹುಲುಗಪ್ಪ ಅನ್ನಂಗಿಲ್ಲ, 'ಹಲಗಿ ಸುಟ್ಟ' ಅಂತಾರ."

ಅಂಥ ಕೈ, ಹನ್ನೊಂದು ವರ್ಷ ಹಲಗೆ ಮುಟ್ಟಿಲ್ಲ! ನಾನು ಆಡಿದ ಒಂದು ಮಾತಿಗೆ. ಹಾಗಿದ್ದೂ ಹೋಗಲು ಮತ್ತೊಂದು ವರ್ಷ ತೆಗೆದುಕೊಂಡೆ. ನಾಳೆ, ಯುಗಾದಿ ಆಗಲಿ, ಲೋಡು ಬರಲಿ. ಹೇಡಿಗೆ ನೆಪ ಕಡಿಮೆಯೇ?

ಕಡೆಗೆ ಒಂದು ಸೋಮವಾರ ಬೆಳಿಗ್ಗೆ ಬೈಕ್ ಹತ್ತಿ ಅವನ ಊರಿಗೆ ಹೋದೆ. ಹುಲುಗಪ್ಪ ಮನೆಯ ಮುಂದೆ ಹಲ್ಲುಜ್ಜುತ್ತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ನಾನು ಕೂರುವುದಕ್ಕೂ ಮೊದಲೇ ಹೇಳಿಬಿಟ್ಟೆ.

"ಹುಲುಗಪ್ಪ, ಅವತ್ತು ಹಲಗಿ ಬೆಂಕಿ ಹತ್ರ ಎಳೆದವ ನಾನು."

ಅವನು ಬಾಯಿ ಮುಕ್ಕಳಿಸಿ ಉಗುಳಿದ. "ಗೊತ್ತೈತ್ರಿ."

"ಮತ್ತ ಯಾಕ ಹೇಳ್ಲಿಲ್ಲೋ?"

"ಹೇಳಿದ್ನ್ರಿ. ನಮ್ಮಪ್ಪ ಕಪಾಳಕ್ಕ ಕೊಟ್ಟ. ಮಾಡಿದ್ದಲ್ದ ದೊಡ್ಡ ಮನಿಯವರ ಮ್ಯಾಲ ಹಾಕ್ತೀಯೇನಲೇ ಅಂದ."

ಅವನು ಚೊಂಬು ಕೆಳಗಿಟ್ಟ. "ನನಗ ಹೇಳಿ ಏನುಪಯೋಗ? ಅಲ್ಲಿ ಬೇವಿನ ಕಟ್ಟಿ ಮ್ಯಾಲ ಹಿರೇರು ಕುಂತಾರ. ಅವರ ಮುಂದ ಹೇಳ್ರಿ. ಈ ಸಲ ಊರಮ್ಮನ ಮುಂದ ಬಾರಿಸ್ತೀನಿ."

ಹೋದೆವು. ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಅವರಲ್ಲಿ ಅವನ ಅಪ್ಪ ದುರುಗಪ್ಪನೂ ಇದ್ದ. ನಾನು ನಿಂತುಕೊಂಡು, ಒಂದನ್ನೂ ಮುಚ್ಚಿಡದೆ, ಹರಪನಹಳ್ಳಿಯದೆಲ್ಲ ಹೇಳಿದೆ. ಹುಲುಗಪ್ಪನದು ಏನೂ ತಪ್ಪಿಲ್ಲ, ಈ ನನ್ನ ಎರಡು ಕೈಯೇ ಹಲಗೆ ಹಿಡಿದದ್ದು ಎಂದೆ. ಹೇಳುತ್ತ ಅತ್ತೆ.

ಒಬ್ಬ ಮುದುಕ ನಿಟ್ಟುಸಿರು ಬಿಟ್ಟ. "ನೋಡ್ರಲೇ, ಎಂಥ ದೊಡ್ಡ ಮನಸು! ಗೆಣೆಕಾರನ ಹೆಸರು ಉಳಿಸಾಕ ಅಷ್ಟು ದೂರದಿಂದ ಬಂದು ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು."

"ಇಲ್ರಿ! ಖರೇನ ನಾನ ಮುಟ್ಟಿದ್ದು!" ಎಂದು ಕೂಗಿದೆ.

"ಆತು ಬಿಡ್ರಿ ಸಾವ್ಕಾರ್ರ" ಎಂದು ಎಲ್ಲರೂ ಮೆಲ್ಲಗೆ ನಕ್ಕರು, ಮಕ್ಕಳನ್ನು ಸಮಾಧಾನ ಮಾಡುವವರ ಹಾಗೆ. ದುರುಗಪ್ಪ ಕಷ್ಟಪಟ್ಟು ಎದ್ದು ನನಗೆ ಕೈಮುಗಿದ. ಮಗನ ಕಡೆ ತಿರುಗಿ, "ಇಂಥವರ ಮ್ಯಾಲ ಸುಳ್ಳು ಹೇಳಿದ್ದೆಲ್ಲಲೇ ಮೂಳ! ಕಾಲಿಗೆ ಬೀಳು, ಬೀಳಲೇ!" ಎಂದು ಅಬ್ಬರಿಸಿದ.

ಹುಲುಗಪ್ಪ ಅಪ್ಪನನ್ನು ನೋಡಿದ, ಕಟ್ಟೆಯ ಮೇಲಿನ ಜನರನ್ನು ನೋಡಿದ. ನಂತರ ನನ್ನ ಮುಂದೆ ಬಗ್ಗಿದ. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಕ್ಕನೆ ಎರಡು ಹೆಜ್ಜೆ ಹಿಂದೆ ಸರಿದೆ. ಅವನ ಕೈ ಬರೀ ನೆಲ ಮುಟ್ಟಿತು.

"ಹೌದ್ಹೌದು, ದೂರದಿಂದ ಕೈಮುಗಿಯಲೇ, ಮೈ ಮುಟ್ಟಬ್ಯಾಡ" ಎಂದ ದುರುಗಪ್ಪ.

ಹುಲುಗಪ್ಪ ನೆಟ್ಟಗೆ ನಿಂತು ಕೈಯ ಮಣ್ಣು ಕೊಡವಿಕೊಂಡ. "ಬಿಸಲಾಗತೈತಿ, ಹೊಂಡ್ರಿ ಸಾವ್ಕಾರ್ರ" ಎಂದು ಹೇಳಿ ಭಟ್ಟಿಯ ಕಡೆಗೆ ಹೋದ.