ಕೈಮಾತಿನ ಮಧ್ಯಾಹ್ನ

ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಹೊಲಿಯುತ್ತಿದ್ದಳು. ಕಿಟಕಿಗೆ ನೇತುಹಾಕಿದ್ದ ತೆಳು ನೀಲಿ ಬಟ್ಟೆಯಿಂದ ಬಿಸಿಲು ಸೋಸಿ ಬಂದು, ಮೆಷಿನ್ನು, ಕತ್ತರಿ, ಅವಳ ಮೊಣಕೈ ಎಲ್ಲವೂ ನೀರಿನ ತಳದಲ್ಲಿದ್ದಂತೆ ಕಾಣುತ್ತಿದ್ದವು. ಫೋನು ಟಣ್ ಎಂದಿತು. ಇವತ್ತು ಸಂಜೆ ಆರರವರೆಗೆ ಡೇಟಾ ಉಚಿತ, ಎಷ್ಟು ಬೇಕಾದರೂ ಬಳಸಿ ಎಂದು ಕಂಪನಿಯ ಸಂದೇಶ.

"ಒಂದು ಸಿನಿಮಾ ನೋಡೇ, ಬಿಟ್ಟಿ ಸಿಕ್ಕಿದೆ," ಎಂದರು ಅಂಗಡಿಯ ಯಜಮಾನಿ.

ಅವಳಿಗೆ ನೆನಪಾದದ್ದು ಅಣ್ಣ.

ಅಣ್ಣ ಹುಟ್ಟು ಕಿವುಡ. ಸಮುದ್ರದಾಚೆ ಮರಗೆಲಸಕ್ಕೆ ಹೋಗಿ ಒಂಬತ್ತು ವರ್ಷ. ಫೋನ್ ಮಾಡಿದರೆ ಅವನಿಗೆ ಕೇಳದು. ಇವಳ ಪುಟ್ಟ ಪ್ಯಾಕಿನಲ್ಲಿ ವಿಡಿಯೊ ಅರೆಗಳಿಗೆಗೇ ಕಲ್ಲಾಗುತ್ತಿತ್ತು. ಹಾಗಾಗಿ ಬರೀ ಮೆಸೇಜು. 'ಊಟ ಆಯ್ತಾ?' 'ಆಯ್ತು.' ಅಕ್ಷರದಲ್ಲಿ ಅಣ್ಣ ಮಹಾ ಜಿಪುಣ. ಕೈ ಬಿಚ್ಚಿದರೆ ಬಾಯಿಬಡುಕ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಕಿವಿ ಹಿಂಡಿಕೊಂಡರೆ ಅಪ್ಪ. ಅಂಗೈಗೆ ಉಫ್ ಎಂದು ಊದಿದರೆ ಅಮ್ಮ. ಅಪ್ಪ ಅಮ್ಮ ತೀರಿಹೋದಮೇಲೆ ಆ ಭಾಷೆ ಬಲ್ಲವರು ಭೂಮಿ ಮೇಲೆ ಇಬ್ಬರೇ ಉಳಿದಿದ್ದರು.

ದಾರದುಂಡೆಯ ಡಬ್ಬಕ್ಕೆ ಫೋನು ಒರಗಿಸಿ ವಿಡಿಯೊದಲ್ಲಿ ಕರೆದಳು. ಹುಬ್ಬಿನ ತುಂಬ ಮರದ ಪುಡಿ ಮೆತ್ತಿಕೊಂಡ ಅಣ್ಣ ಬಂದ.

"ಕೂದಲು ಬೆಳ್ಳಗಾಯ್ತಲ್ಲೇ," ಎಂದವು ಅವನ ಬೆರಳು.

"ನಿನ್ನ ಹೊಟ್ಟೆ ನೋಡ್ಕೋ ಮೊದ್ಲು!"

ಯಜಮಾನಿ ಇಣುಕಿದರು. "ಏನೇ ಅದು, ಜಗಳಾನಾ?"

"ಇಲ್ಲಮ್ಮ, ಕ್ಷೇಮ ಸಮಾಚಾರ."

ಮರೆತೇಹೋಗಿತ್ತು ಅಂದುಕೊಂಡಿದ್ದ ಮಾತುಗಳು ತಲೆಗೆ ಹೊಳೆಯುವ ಮೊದಲೇ ಬೆರಳಿಗೆ ಬರುತ್ತಿದ್ದವು. ಮೆಷಿನ್ನು ಯಾವಾಗ ನಿಂತಿತೋ ತಿಳಿಯದು. ಅಣ್ಣ ಫೋನು ಹಿಡಿದು ತನ್ನ ಕಾರ್ಖಾನೆ ಸುತ್ತಿಸಿದ. ಗೋಡೆಯೇ ಇಲ್ಲದೆ ನಿಂತ ಬಾಗಿಲುಗಳು, ಒಂದರ ಹಿಂದೆ ಒಂದು. ಅವನು ಒಂದೊಂದನ್ನೇ ತೆರೆಯುತ್ತ ಹೋದ. ತಾನೂ ಹಿಂದೆಯೇ ಬರಿಗಾಲಲ್ಲಿ ನಡೆಯುತ್ತಿದ್ದೇನೆ, ಪಾದಕ್ಕೆ ಮರದ ಹೊಟ್ಟು ತಾಗುತ್ತಿದೆ ಅನ್ನಿಸಿತು ಅವಳಿಗೆ.

ಕೊನೆಯ ಬಾಗಿಲಾಚೆ ಅವನ ಮಗಳು ಕೂತಿದ್ದಳು. ಐದು ವರ್ಷ, ಇವಳು ಫೋಟೊದಲ್ಲಷ್ಟೇ ಕಂಡವಳು. ಹುಡುಗಿ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಎರಡು ಬೆರಳನ್ನು ಹಲ್ಲಿನ ಬಳಿ ತಂದು, ಇಲ್ಲದ ದಾರವೊಂದನ್ನು ಕಟಕ್ಕನೆ ಕಡಿದಳು.

ಅದು ಅವಳ ಹೆಸರು. ಹೊಲಿಗೆ ಕಲಿಯುವಾಗ ಹಲ್ಲಿನಲ್ಲೇ ದಾರ ಕಡಿಯುತ್ತಿದ್ದ ತಂಗಿಗೆ ಅಣ್ಣ ಇಟ್ಟ ಹೆಸರು. ಇನ್ನಾರೂ ಹಾಗೆ ಕರೆದವರಿಲ್ಲ.

ಹುಡುಗಿ ಗೋಡೆಯ ಮೇಲಿನ ಅಜ್ಜಿಯ ಫೋಟೊ ತೋರಿಸಿ ಅಂಗೈಗೆ ಊದಿದಳು. ಅವಳು ಕಣ್ಣಾರೆ ಕಂಡೇ ಇರದ ಅಜ್ಜಿ.

"ಇವಳಿಗೆ ಕಿವಿ ಚೆನ್ನಾಗಿ ಕೇಳ್ಸುತ್ತಲ್ಲ, ಇದ್ಯಾಕೆ ಕಲಿಸ್ದೆ?" ಎಂದು ಅಣ್ಣನನ್ನು ಕೈಯಲ್ಲೇ ಕೇಳಿದಳು.

"ನಾನು ಹೋದ್ಮೇಲೆ ನೀನು ಯಾರ ಹತ್ರ ಮಾತಾಡ್ತೀಯ?"

ಯಾರದೋ ಮನೆಗೆ ಹೋಗಬೇಕಾದ ಪರದೆಯ ಅಂಚಿನಿಂದಲೇ ಅವಳು ಕಣ್ಣೊರೆಸಿಕೊಂಡಳು. ಯಜಮಾನಿ ನೋಡಿಯೂ ನೋಡದವರಂತೆ ಹೊರಟುಹೋದರು. ಮೂವರೂ ಮಾತಿಗೆ ಕೂತರು. ಹುಡುಗಿ ತಪ್ಪಿದಲ್ಲಿ ಅತ್ತೆ ತಿದ್ದಿದಳು, ಅತ್ತೆ ತಪ್ಪಿದಲ್ಲಿ ಹುಡುಗಿ ನಕ್ಕಳು.

ಆರಕ್ಕೆ ಚಿತ್ರ ನಿಂತಿತು. ಏನೋ ಹೇಳಹೊರಟ ಪುಟ್ಟ ಕೈ ಗಾಳಿಯಲ್ಲೇ ಉಳಿಯಿತು. ಅವಳು ಅದನ್ನೇ ನೋಡುತ್ತ ಕೂತಿದ್ದಾಗ ಅಣ್ಣನ ಮೆಸೇಜು ಬಂತು:

'ಕೈ ನೋಯ್ತಿದೆ. ಇಷ್ಟು ಮಾತಾಡಿ ಎಷ್ಟು ವರ್ಷ ಆಗಿತ್ತು.'