ಲಿಫ್ಟಿನವರ ಎಡಗೈ

ತೋರುಬೆರಳು ಮಾತ್ರ ಮಾತು ಕೇಳಲಿಲ್ಲ. ಉಳಿದ ಬೆರಳುಗಳನ್ನು ಅವಳು ಬಿಸಿನೀರಿನ ಬಟ್ಟೆಯಿಂದ ಒತ್ತಿ ಒತ್ತಿ ಹೇಗೋ ನೆಟ್ಟಗೆ ಮಾಡಿದ್ದಳು. ಗಂಡನ ಎಡಗೈಯ ಆ ಒಂದು ಬೆರಳು ಮಾತ್ರ ಕೊಕ್ಕೆಯಂತೆ ಬಾಗಿ, ಮಂಚದ ಪಕ್ಕದ ಕಂಬಿಯ ಕಡೆಗೇ ಮುಖ ಮಾಡಿಕೊಂಡಿತ್ತು. ಬಿಡಿಸಿದರೆ ಬಿಡಿಸಿಕೊಳ್ಳುತ್ತಿತ್ತು, ಕೈ ತೆಗೆದರೆ ನಿಧಾನವಾಗಿ ಮತ್ತೆ ಬಾಗುತ್ತಿತ್ತು.

"ಬಿಡಕ್ಕ, ಸಾಕು. ಮುರಿದುಬಿಡ್ತೀಯ" ಅಂದ ತಮ್ಮ.

"ಬದುಕಿದ್ದಾಗಲೇ ನನ್ನ ಮಾತು ಕೇಳಲಿಲ್ಲ, ಈಗ ಕೇಳ್ತಾರಾ?" ಅಂದಳು. ಬಟ್ಟೆಯನ್ನು ಬಟ್ಟಲಿಗೆ ಎಸೆದು, ಹೊದಿಕೆಯನ್ನು ಆ ಕೈಯ ಮೇಲೆ ಎಳೆದಳು.

ಮಂಚ ಆಸ್ಪತ್ರೆ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ತಂದದ್ದು. ಎರಡೂ ಕಡೆ ಏರಿಸಿ ಇಳಿಸುವ ಕಬ್ಬಿಣದ ಕಂಬಿ. ಎಡಗಡೆಯ ಕಂಬಿಗೆ ಅವಳ ಹಳೆಯ ಟವೆಲ್ಲೊಂದನ್ನು ಸುತ್ತಿ, ದಾರದಿಂದ ಬಿಗಿದು ಕಟ್ಟಿತ್ತು. ಕುರ್ಚಿಗಳಿಗೆ ಜಾಗವಾಗಲೆಂದು ಮುಂದಿನ ಕೋಣೆಯ ಸಾಮಾನನ್ನೆಲ್ಲ ಹೊರಗೆ ಹಾಕಿದ್ದರು. ಆದರೂ ಬಂದವರು ಅರ್ಧ ಜನ ನಿಂತೇ ಇದ್ದರು. ದೊಡ್ಡ ಆಸ್ಪತ್ರೆಯ ಲಿಫ್ಟನ್ನು ನಿವೃತ್ತಿಯವರೆಗೂ ನಡೆಸಿದ ಮನುಷ್ಯ. ಬೀದಿಗೆಲ್ಲ ಅವರು 'ಲಿಫ್ಟಿನವರು'. ಇಡೀ ದಿನ ಮೇಲೆ ಕೆಳಗೆ ಓಡಾಡಿದರೂ ಎಲ್ಲಿಗೂ ಹೋಗದ ಕೆಲಸ. "ಯಾವ ಮಹಡಿ?" ಎಂಬುದನ್ನು ಬಿಟ್ಟು ಅವರ ಬಾಯಿಂದ ಇನ್ನೊಂದು ಮಾತು ಕೇಳಿದವರು ಅಲ್ಲಿ ಕಡಿಮೆ.

ಅವಳನ್ನು ಬೀದಿಯವರು 'ರೇಡಿಯೋ' ಎನ್ನುತ್ತಿದ್ದರು. ಬೆಳಿಗ್ಗೆ ಹಾಲು ಕಾಯಿಸುವಾಗ ಶುರುವಾದರೆ ದೀಪ ಆರಿಸುವವರೆಗೂ ಬಾಯಿ ನಿಲ್ಲದ ಹೆಂಗಸು ಎಂದು ಆ ಹೆಸರು. ನಿಜವಾದ ರೇಡಿಯೋ, ದೂರದೂರದವರ ಜೊತೆ ಮಾತಾಡುವ ಹ್ಯಾಮ್ ಸೆಟ್ಟು, ಇದ್ದದ್ದು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ. ಆ ಕೋಣೆಗೆ ವರ್ಷದಿಂದ ಬೀಗ ಬಿದ್ದಿತ್ತು.

"ವ್ಯಾನು ಹೊರಟಿದೆಯಂತೆ" ಎಂದು ತಮ್ಮ ಫೋನನ್ನು ಜೇಬಿಗಿಟ್ಟ. "ಅಕ್ಕ, ಭಾವನ ಆ ರೇಡಿಯೋ ತಂತಿ ಗಿಂತಿ ಎಲ್ಲ ತೆಗೆಸಿಬಿಡೋಣ. ಗಾಳಿಗೆ ಮಹಡಿ ಮೇಲಿನ ಕಂಬ ವಾಲಿದೆ. ಯಾರ ತಲೆ ಮೇಲಾದ್ರೂ ಬಿದ್ರೆ ಕಷ್ಟ."

"ಇವತ್ತೇ ತೆಗೆಸು" ಅಂದಳು. "ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಕಂಬ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ."

ಅವಳು ಅತ್ತಿರಲಿಲ್ಲ. ಅಳು ಗಂಟಲಿಗೆ ಬಂದಾಗೆಲ್ಲ ಅದರ ಜೊತೆಗೇ ಕೋಪವೂ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿತ್ತು.

ಆಗ ಮನೆಯ ಮುಂದೆ ಡ್ರೈವಿಂಗ್ ಸ್ಕೂಲಿನ ಕಾರೊಂದು ನಿಂತಿತು. ಅದನ್ನು ನಡೆಸಿಕೊಂಡು ಬಂದ ದಪ್ಪ ಕನ್ನಡಕದ ಮೇಡಂ ಇಳಿದರು. ಪಕ್ಕದಿಂದ ಒಬ್ಬ ಮುದುಕ ಟೈಲರ್ ಇಳಿದ. ಅಂಗಡಿಯಿಂದ ಎದ್ದು ಹಾಗೇ ಬಂದಿರಬೇಕು, ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಒಳಗೆ ಬಂದವನು ಎಲ್ಲರಂತೆ ಮುಖ ನೋಡಲಿಲ್ಲ. ಹೊದಿಕೆಯ ಅಂಚನ್ನು ಮೆಲ್ಲಗೆ ಸರಿಸಿ ಬಲಗೈ ನೋಡಿದ. ನೋಡಿ, ಕಣ್ಣೊರೆಸಿಕೊಂಡ.

"ನಾವು ಅವರ ರೇಡಿಯೋ ಸ್ನೇಹಿತರು" ಅಂದರು ಮೇಡಂ. "ಅಮ್ಮ, ಒಂದು ಕೇಳ್ಕೋಬೇಕು. ನಮ್ಮಲ್ಲಿ ಯಾರಾದ್ರೂ ಹೋದ್ರೆ ಗಾಳಿಯಲ್ಲಿ ಅವರ ಹೆಸರು ಹಿಡಿದು ಮೂರು ಸಲ ಕರೀತೀವಿ. ಕರೆದು ಕಾಯ್ತೀವಿ. ಉತ್ತರ ಬರಲ್ಲ ಅಂತ ಗೊತ್ತಿರುತ್ತೆ, ಆದ್ರೂ ಕಾಯ್ತೀವಿ. ಆಮೇಲೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿರ್ತಾರೆ. ಅದನ್ನ ಅವರ ಸೆಟ್ಟಿನಿಂದಲೇ ಮಾಡಬೇಕು ಅಂತ ಇವರಿಗೆ ಆಸೆ. ಬೇರೆ ಬೇರೆ ಕಡೆ ತುಂಬ ಜನ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿದಾರೆ."

"ಹೆಣ ಮನೆಯೊಳಗಿದೆ, ನಿಮಗೆ ಆಟ ಬೇರೆ ಬೇಕಾ?" ತಮ್ಮ ರೇಗಿದ.

ಅವಳ ಕೋಪವೂ ನೆತ್ತಿಗೇರಿತು. "ಇಷ್ಟು ದಿನ ಎಲ್ಲಿದ್ರಿ? ಅವರು ಮರದ ಕೊರಡಿನ ಹಾಗೆ ಬಿದ್ದಿದ್ದಾಗ ಒಬ್ಬರಾದ್ರೂ ಬಂದ್ರಾ?"

ಟೈಲರ್ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಫೋನ್ ಮಾಡಿದ್ದೆ ಅಮ್ಮ. ಮಾತೇ ಬರದವರ ಹತ್ರ ಏನು ಮಾತಾಡ್ತೀರಿ, ಬರಬೇಡಿ ಅಂದ್ರಿ. ಮತ್ತೆ ಮಾಡಿದಾಗಲೂ ಹಾಗೇ ಅಂದ್ರಿ."

ಅಂದದ್ದು ನಿಜ.

*

ಮದುವೆಯಾದ ಹೊಸದರಲ್ಲೇ ಅವಳಿಗೆ ಗೊತ್ತಾಗಿತ್ತು, ಈ ಮನುಷ್ಯ ಮಾತಿನಲ್ಲಿ ಬಡವ. ಆಡಿದ ನಾಲ್ಕು ಮಾತಿಗೂ ಒಂದು ವಿಚಿತ್ರ ಬಾಲ. "ಸಕ್ಕರೆ ತಂದಿದೀನಿ, ಹೇಳು." "ನಾಳೆ ರಜ, ಹೇಳು." ಏನು ಹೇಳಬೇಕು? ಸಕ್ಕರೆ ಬಂತು ಎಂಬುದಕ್ಕೆ ಇವಳು ಸೇರಿಸುವುದೇನಿದೆ? ತವರಿನವರು ಬಿದ್ದು ಬಿದ್ದು ನಕ್ಕಿದ್ದರು. ತಮ್ಮನಂತೂ ಎಷ್ಟೋ ದಿನ "ಭಾವ ಬಂದ್ರು, ಹೇಳು" ಎಂದು ಅಣಕಿಸಿಕೊಂಡು ತಿರುಗಿದ್ದ.

ಅವಳು ಹೇಳಿದಳು. ಹೇಳು ಎಂದರೆ ಅವಳಿಗೆ ಹಬ್ಬ. ಎದುರುಮನೆಯ ಜಗಳ, ತೂಕದಲ್ಲಿ ಮೋಸ ಮಾಡುವ ತರಕಾರಿಯವನು, ತಂಗಿಯ ಅತ್ತೆಯ ಗರ್ವ, ಎಲ್ಲವನ್ನೂ ಸುರಿದಳು. ಅವರು ತುಟಿ ಪಿಟಕ್ಕೆನ್ನದೆ ಕೇಳುತ್ತಿದ್ದರು. ಊಟ ಮುಗಿಯುತ್ತಲೇ ತಟ್ಟೆ ತೊಳೆದಿಟ್ಟು ಉಗ್ರಾಣ ಹೊಕ್ಕುಬಿಡುತ್ತಿದ್ದರು. ಆಮೇಲೆ ಗೋಡೆಯಾಚೆಯಿಂದ, ಹಳೆಯ ಟೆಲಿಗ್ರಾಂ ಯಂತ್ರದಂತೆ ಬೆರಳಲ್ಲಿ ಒತ್ತುವ ಆ ಕೀಯ ಸದ್ದು, ಜೀರುಂಡೆ ಕೂಗಿದ ಹಾಗೆ, ಬಿಟ್ಟು ಬಿಟ್ಟು.

"ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂದ್ರೆ ಇದೇ" ಎಂದು ಅವಳು ಪಾತ್ರೆ ಕುಕ್ಕುತ್ತಿದ್ದಳು. "ಕಾಣದವರ ಹತ್ರ ಅಷ್ಟೊಂದು ಮಾತು. ಕಟ್ಕೊಂಡವಳಿಗೆ ಬರೀ ಹೇಳು, ಹೇಳು!"

ಕಂಡವರ ಮೇಲೆಲ್ಲ ಹೊಟ್ಟೆಕಿಚ್ಚು ಪಡುವ ಜಾಯಮಾನ ಅವಳದಲ್ಲ. ಆ ಕೋಣೆಯ ಮೇಲೆ ಮಾತ್ರ ಸವತಿಯ ಮೇಲೆ ಪಟ್ಟಷ್ಟು ಪಟ್ಟಳು. ಒಂದು ದಿನವೂ ಅದರ ಹೊಸಲು ದಾಟಲಿಲ್ಲ.

*

"ನಿಮ್ಮನ್ನ ನಾನು ಮೊದಲ ಸಲ ನೋಡ್ತಿರೋದು" ಎಂದರು ಮೇಡಂ, ಅವಳ ಪಕ್ಕದ ಕುರ್ಚಿಯಲ್ಲಿ ಕೂತು. "ಆದ್ರೆ ನಿಮ್ಮ ತಂಗಿಯ ಅತ್ತೆ ನನಗೆ ಚೆನ್ನಾಗಿ ಗೊತ್ತು. ಬೆಳ್ಳಿ ಲೋಟ ಎಣಿಸಿ ಎಣಿಸಿ ಇಡ್ತಾರಲ್ಲ, ಅವರೇ ತಾನೆ?"

ಅವಳು ತಲೆಯೆತ್ತಿದಳು. "ನಿಮಗೆ ಯಾರು ಹೇಳಿದ್ದು?"

"ಇನ್ಯಾರು? ದಿನಾ ಸಂಜೆ ಅವರು ಗಾಳಿಗೆ ಬರೋದೇ ಹಾಗೆ, 'ನಮ್ಮ ಮನೆಯವಳು ಇವತ್ತು ಹೀಗಂದಳು' ಅಂತ. ಅವರದ್ದು ಅಂತ ಒಂದು ಮಾತೂ ಇರ್ತಿರಲಿಲ್ಲ. ಎಲ್ಲ ನಿಮ್ಮದೇ. ಸಮುದ್ರದಾಚೆ ಒಬ್ಬರು ಮೀನಿನ ಅಂಗಡಿಯವರಿದಾರೆ, ಅವರು ಸೆಟ್ ಹಾಕಿದ ಕೂಡಲೇ ನಿಮ್ಮ ಎದುರುಮನೆ ಜಗಳ ಎಲ್ಲಿಗೆ ಬಂತು ಅಂತ ಕೇಳ್ತಿದ್ರು."

ಗೋಡೆಗೊರಗಿ ನಿಂತಿದ್ದ ಎದುರುಮನೆಯವಳು ಬೆಚ್ಚಿದಳು. "ಅಯ್ಯೋ, ನಮ್ಮನೆ ವಿಷಯಾನಾ? ಏನಂತ ಹೇಳಿದ್ರು?"

ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿದಂತೆ ಮಾಡಿದರು. ಅವಳಿಗೆ ನಗು ಬರಲಿಲ್ಲ. ಗೋಡೆಗೆ ಹೇಳಿದ ಹಾಗೆ ಹೇಳುತ್ತಾ ಬಂದ ಮಾತುಗಳನ್ನು ಯಾರೋ ಒಂದೂ ಬಿಡದೆ ಎತ್ತಿಕೊಂಡು ಹೋಗಿದ್ದರು ಎಂದು ಈಗ ತಿಳಿಯಿತು. ಎದ್ದು ಹೋಗಿ ಡಬ್ಬಿಯಿಂದ ಬೀಗದ ಕೈ ತಂದಳು.

"ಬೇಗ ಮುಗಿಸಿ" ಅಂದಳು ಟೈಲರನಿಗೆ. "ವ್ಯಾನು ಬರುತ್ತೆ."

ಬೀಗಕ್ಕೆ ತುಕ್ಕು ಹಿಡಿದಿತ್ತು. ಒಳಗೆ ಧೂಳಿನ ವಾಸನೆ, ಒಂದು ಮೇಜು, ಬೆನ್ನು ಸವೆದ ಒಂದು ಕುರ್ಚಿ. ಅವಳು ಹೊಸಲಿನ ಈಚೆಗೇ ನಿಂತಳು. ಮೇಜಿನ ಹಿಂದೆ ಇದ್ದದ್ದು ಅಡುಗೆಮನೆಯ ಗೋಡೆ. ಅದರ ಮೇಲ್ಗಡೆ ಗಾಳಿಯಾಡಲೆಂದು ಬಿಟ್ಟಿದ್ದ ಕಿಂಡಿಯ ಜಾಲರಿಯನ್ನು ಯಾರೋ ಬಿಚ್ಚಿ ತೆಗೆದಿದ್ದರು. ಒಲೆಯ ಮುಂದೆ ನಿಂತು ಗೊಣಗಿದರೂ ಇಲ್ಲಿಗೆ ಕೇಳುತ್ತದೆ ಎಂದು ಅವಳಿಗೆ ಆಗ ಹೊಳೆಯಿತು.

*

ಪಾರ್ಶ್ವವಾಯು ಬಡಿದದ್ದು ಸ್ನಾನದ ಕೋಣೆಯಲ್ಲಿ. ಕೀ ಒತ್ತುತ್ತಿದ್ದ ಬಲಗೈ, ಬಲಗಾಲು, ಬಾಯಿ, ಮೂರೂ ಒಟ್ಟಿಗೆ ಹೋದವು. ರೋಗಿಗೆ ನೆಮ್ಮದಿ ಬೇಕು, ಗದ್ದಲ ಕೂಡದು ಎಂದರು ಡಾಕ್ಟರು. ತಮ್ಮ ಅದನ್ನು ಬಿಡಿಸಿ ಹೇಳಿದ: "ಅಕ್ಕ, ನಿನ್ನ ಬಾಯಿಗೆ ಸ್ವಲ್ಪ ಬೀಗ ಹಾಕು. ಪಾಪ, ಉತ್ತರ ಕೊಡೋಕೂ ಆಗದವರ ಮುಂದೆ ವಟವಟ ಅಂದ್ರೆ ಅವರಿಗೆ ಎಷ್ಟು ಹಿಂಸೆ."

ಅದು ಅವಳಿಗೆ ನಾಟಿತು. ಅವಳು ಬಾಯಿ ಮುಚ್ಚಿದಳು. ಎದುರುಮನೆಯವಳನ್ನು ಗೇಟಿನಲ್ಲೇ ನಿಲ್ಲಿಸಿ ಪಿಸುಗುಟ್ಟಿ ಕಳಿಸಿದಳು. ಫೋನನ್ನು ಹಿತ್ತಲಿಗೆ ಒಯ್ದು ಮಾತಾಡಿದಳು. ಗಂಜಿ ಕುಡಿಸುವಾಗ, ಮಗ್ಗುಲು ಬದಲಿಸುವಾಗ, ಗಡ್ಡ ತೆಗೆಯುವಾಗ, ಒಂದು ಮಾತಿಲ್ಲ. ಅಷ್ಟು ವರ್ಷ ತೆರೆದೇ ಇದ್ದ ಬಾಯಿಯನ್ನು ಮುಚ್ಚಿಡುವುದು ಸುಲಭದ ಕೆಲಸವಾಗಿರಲಿಲ್ಲ. ಗಂಡನಿಗಾಗಿ ಮಾಡುತ್ತಿದ್ದೇನೆ ಎಂದು ಹಲ್ಲು ಕಚ್ಚಿದಳು.

ಆಗ ಶುರುವಾಯಿತು ಎಡಗೈಯ ಆ ಕಾಟ. ಅವಳು ಬಳಿಗೆ ಬಂದರೆ ಸಾಕು, ತೋರುಬೆರಳಿನ ಉಗುರು ಕಂಬಿಯ ಮೇಲೆ ಉದ್ದಕ್ಕೆ ಕೆರೆಯುತ್ತಿತ್ತು. ಸರ್‌ರ್. ಆಮೇಲೆ ಒಮ್ಮೆ ಟಕ್. ಮತ್ತೆ ಸರ್‌ರ್. ಅಷ್ಟು ಮಾಡಿ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ನೀರು ಕೊಟ್ಟಳು, ಬೇಡ. ದಿಂಬು ಸರಿ ಮಾಡಿದಳು, ಅದೂ ಅಲ್ಲ. ಮತ್ತೆ ಸರ್‌ರ್, ಟಕ್, ಸರ್‌ರ್.

ನರದ ದೌರ್ಬಲ್ಯ ಅಂದ ತಮ್ಮ. ಇರಬಹುದು ಅಂದುಕೊಂಡಳು. ಕಬ್ಬಿಣದ ಕೆರೆತಕ್ಕೆ ಅವಳ ಹಲ್ಲು ಜುಮ್ಮೆನ್ನುತ್ತಿತ್ತು. ಉಗುರನ್ನು ಬುಡದವರೆಗೆ ಕತ್ತರಿಸಿದಳು. ಆದರೂ ನಿಲ್ಲದಾಗ ಕಂಬಿಗೆ ಟವೆಲ್ಲು ಸುತ್ತಿ ದಾರ ಬಿಗಿದಳು. ಆಮೇಲೆ ಸದ್ದು ಬರಲಿಲ್ಲ. ಬೆರಳು ಮಾತ್ರ ಟವೆಲ್ಲಿನ ಮೇಲೆ ಆಡುತ್ತಲೇ ಇತ್ತು. ನೋಡಲಾಗದಿದ್ದಾಗ ಅವಳು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಅದು ಸುಮ್ಮನಾಗುವವರೆಗೂ ಕೂತಿರುತ್ತಿದ್ದಳು.

*

ಟೈಲರ್ ಲಿಫ್ಟಿನವರ ಕುರ್ಚಿಯಲ್ಲಿ ಕೂರಲಿಲ್ಲ. ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಮಂಡಿಯೂರಿ, ಧೂಳನ್ನು ತೋಳಿನಿಂದ ಒರೆಸಿ, ಗುಂಡಿ ಒತ್ತಿದ. ಸೆಟ್ಟಿನ ಮುಖದಲ್ಲಿ ದೀಪ ಹತ್ತಿತು. ಸುಂಯ್ ಎಂಬ ಸದ್ದು ಕೋಣೆ ತುಂಬಿತು. ಅವನು ಕೀಯ ಮೇಲೆ ಬೆರಳಿಟ್ಟು ಒಮ್ಮೆ ಉಸಿರೆಳೆದುಕೊಂಡ.

ಮೊದಲ ಸಲ ಕರೆದ. ಅವಳಿಗೆ ಅದು ಹಳೆಯ ಜೀರುಂಡೆಯ ಸದ್ದೇ. ಕರೆದು ಕೈ ಎತ್ತಿ ಕಾದ. ಸುಂಯ್ ಎಂಬುದು ಬಿಟ್ಟರೆ ಬೇರೇನೂ ಇಲ್ಲ.

ಎರಡನೆಯ ಸಲ ಕರೆದಾಗ ಕೊನೆಗೆ ಬಂದ ಸದ್ದಿಗೆ ಅವಳ ಮೈ ಜುಮ್ಮೆಂದಿತು. ಉದ್ದ, ಗಿಡ್ಡ, ಉದ್ದ. ಇರಲಾರದು ಎಂದುಕೊಂಡಳು. ಮೂರನೆಯ ಸಲಕ್ಕೆ ಉಸಿರು ಬಿಗಿಹಿಡಿದು ಕೊನೆಗೇ ಕಿವಿಗೊಟ್ಟಳು. ಬಂತು. ಉದ್ದ, ಗಿಡ್ಡ, ಉದ್ದ. ಆಮೇಲೆ ಟೈಲರ್ ಕೈ ಎತ್ತಿ, ತಲೆ ಬಾಗಿಸಿ, ಕಾಯತೊಡಗಿದ.

ಅವಳು ಮೊದಲ ಸಲ ಆ ಹೊಸಲು ದಾಟಿದಳು.

"ಪ್ರತಿ ಸಲ ಕೊನೆಗೆ ಒಂದು ಹೊಡೆದ್ರಲ್ಲ, ಅದೇನು?"

"ಯಾವುದಮ್ಮ?"

ಅವಳು ಮೇಜಿನ ಅಂಚಿನ ಮೇಲೆ ಉಗುರೆಳೆದಳು. ಸರ್‌ರ್. ಟಕ್. ಸರ್‌ರ್.

ಟೈಲರ್ ಮುಖವೆತ್ತಿ ನೋಡಿದ. "ಇದು ನಿಮಗೆ ಹೇಗೆ ಬಂತು?"

"ಅದೇನು ಅಂತ ಹೇಳಿ."

"ಅದೊಂದೇ ಅಕ್ಷರ ಅಮ್ಮ. ನಾವು ಹೇಳೋದು ಮುಗಿದ ಮೇಲೆ ಹಾಕ್ತೀವಿ. ನಂದು ಮುಗೀತು, ಇನ್ನು ನೀನು ಮಾತಾಡು ಅಂತ. ಅದು ಹಾಕದೆ ಇದ್ರೆ ಅತ್ತ ಕಡೆಯವರು ಮಾತಾಡಲ್ಲ."

"ಹೇಳು ಅಂತಲಾ?"

"ಅಷ್ಟೇ. ಹೇಳು ಅಂತ."

"ಹಾಕಿದ ಮೇಲೆ?"

"ಕಾಯ್ತೀವಿ."

"ಆ ಕಡೆಯವರು ಮಾತಾಡದೇ ಇದ್ರೆ?"

ಟೈಲರನಿಗೆ ಆಗ ಏನೋ ಅರ್ಥವಾಗತೊಡಗಿತ್ತು. ಕೊರಳಿನ ಟೇಪನ್ನು ಎಳೆದು ಮುದುರಿ ಕೈಯಲ್ಲಿ ಹಿಡಿದುಕೊಂಡ. "ಮತ್ತೆ ಹಾಕ್ತೀವಿ ಅಮ್ಮ" ಅಂದ, ನೆಲ ನೋಡುತ್ತಾ.

ಹೊರಗೆ ವ್ಯಾನು ಹಾರನ್ ಹೊಡೆಯಿತು.

ಅವಳು ಮುಂದಿನ ಕೋಣೆಗೆ ಬಂದಾಗ ತಮ್ಮನೂ ಇನ್ನಿಬ್ಬರೂ ಎತ್ತಲು ಬಗ್ಗಿದ್ದರು. "ನಿಲ್ಲಿ" ಅಂದಳು. ಕಂಬಿಯ ದಾರದ ಗಂಟು ಬಿಚ್ಚಲು ಹೋದಳು. ತಾನೇ ಬಿಗಿದ ಗಂಟು, ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು. ಟವೆಲ್ಲು ಕೆಳಗೆ ಬಿತ್ತು. ಕುರ್ಚಿ ಎಳೆದುಕೊಂಡು ಮಂಚದ ಎಡಗಡೆ ಕೂತಳು. ಈಗ ಅಳಲು ಹೊತ್ತಿರಲಿಲ್ಲ, ಹೇಳುವುದು ಒಂದು ವರ್ಷದಷ್ಟಿತ್ತು.

"ಎದುರುಮನೆಯವಳು ಗಂಡನ ಜೊತೆ ಮತ್ತೆ ಮಾತಾಡ್ತಿದಾಳೆ, ಅವರ ಜಗಳ ಮುಗೀತು" ಎಂದು ಶುರು ಮಾಡಿದಳು. "ಅವಳ ಮಗಳಿಗೆ ಗಂಡು ಗೊತ್ತಾಗಿದೆ, ಹುಡುಗ ಸ್ವಲ್ಪ ಕುಳ್ಳ. ತರಕಾರಿಯವನು ಹೊಸ ತಕ್ಕಡಿ ತಂದಿದಾನೆ, ಅದೂ ಮೋಸವೇ. ನನ್ನ ಮಂಡಿ ನೋವು ಹಾಗೇ ಇದೆ. ಹಿತ್ತಲ ನಲ್ಲಿ ಸೋರ್ತಿದೆ, ನೀವೇ ನೋಡಬೇಕಿತ್ತು."

"ಅಕ್ಕ..." ಎಂದ ತಮ್ಮ. ಟೈಲರ್ ಅವನ ತೋಳು ಹಿಡಿದು ನಿಲ್ಲಿಸಿದ.

"ಆಮೇಲೆ ನಿಮ್ಮ ಲಿಫ್ಟು" ಅಂದಳು. "ಅದನ್ನ ಕಿತ್ತು ಹಾಕಿದ್ರಂತೆ. ಹೊಸದು ಬಂದಿದೆ. ಅದಕ್ಕೆ ನಡೆಸೋರು ಬೇಡವಂತೆ, ಯಾವ ಮಹಡಿ ಬಂತು ಅಂತ ಅದೇ ಮಾತಾಡುತ್ತಂತೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ. ಇಷ್ಟೇ. ನಂದು ಮುಗೀತು."

ಅವಳು ಹೊದಿಕೆ ಸರಿಸಿ, ಬಾಗಿದ ಆ ಬೆರಳನ್ನು ಕಂಬಿಯ ಮೇಲೆ ಇಟ್ಟಳು. ಅದರ ಪಕ್ಕದಲ್ಲೇ ತನ್ನ ಬೆರಳಿಟ್ಟು, ಉಗುರಿನಿಂದ ಉದ್ದಕ್ಕೆ ಒಂದು ಗೀರು ಎಳೆದಳು. ಒಮ್ಮೆ ಕುಟ್ಟಿದಳು. ಮತ್ತೆ ಉದ್ದಕ್ಕೆ ಎಳೆದಳು. ಎಳೆದು, ಕೈ ತೆಗೆದು, ಗಂಡನ ಮುಖ ನೋಡುತ್ತಾ ಕೂತಳು. ವ್ಯಾನಿನ ಡ್ರೈವರ್ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಯಾರೂ ಆರಿಸದೆ ಬಿಟ್ಟಿದ್ದ ಸೆಟ್ಟು ಒಳಗಿನ ಕೋಣೆಯಲ್ಲಿ ಸುಂಯ್ ಎನ್ನುತ್ತಲೇ ಇತ್ತು.