ಶುಕ್ರವಾರ ಬಿಚ್ಚುವ ಹೊಲಿಗೆ

ಮಗಳು ಬೀರುವಿನಿಂದ ನಾಲ್ಕನೆಯ ಕೌದಿಯನ್ನೂ ಎಳೆದು ತಂದು ನರ್ಸಮ್ಮನ ತೊಡೆಯ ಮೇಲೆ ಹಾಕಿದಳು. ಮೊದಲಿನ ಮೂರರ ಕೆಳಗೆ ನರ್ಸಮ್ಮನ ಮಂಡಿ ಆಗಲೇ ಬೆವರುತ್ತಿತ್ತು.

"ಇದ್ರಲ್ಲಿ ಅಮ್ಮ ಹೊಲಿದಿದ್ದು ಯಾವುದು ಆಂಟಿ?"

"ಎಲ್ಲಾನೂ ಎಲ್ರೂ ಸೇರಿ ಹೊಲಿದಿದ್ದೇ ಕಣೇ."

"ಅದು ಗೊತ್ತು. ಅಮ್ಮನ ಕೈಯಿಂದ ಬಂದ ತುಂಡು ಯಾವುದು ಅಂತ ಕೇಳ್ತಿರೋದು. ಒಂದೇ ಒಂದು ಸಾಕು, ಒಂದು ಗೇಣು. ಕತ್ತರಿಸಿ ಇಟ್ಕೋತೀನಿ. ಉಳಿದಿದ್ದನ್ನ ಅಮ್ಮಂಗೆ ಹೊದಿಸಿ ಕಳಿಸೋಣ. ಮೂರು ಗಂಟೆಗೆ ಗಾಡಿ ಬರುತ್ತೆ."

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ಆ ಹುಡುಗಿಯ ಅಮ್ಮ, ಬ್ರೇಕ್ ಟೀಚರ್, ಉಸಿರಿಲ್ಲದೆ ಮಲಗಿದ್ದಳು. ಹಿಂದೆ ಬರುವ ಗಾಡಿಯನ್ನು ಕನ್ನಡಿಯಲ್ಲಿ ನೋಡುತ್ತಿರುವವಳ ಹಾಗೆ ಗಲ್ಲ ಸ್ವಲ್ಪ ಮೇಲೆದ್ದಿತ್ತು. ಮೂವತ್ತೊಂದು ವರ್ಷ ಊರಿನವರಿಗೆ ಕಾರು ಓಡಿಸಲು ಕಲಿಸಿದವಳು. ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇಟ್ಟುಕೊಂಡು ಕೂತು ಕೂತು ಆ ಹೆಸರು ಬಂದಿತ್ತು. ಹೊರಗೆ ಬೀದಿಯುದ್ದಕ್ಕೂ ಕಾರುಗಳು ನಿಂತಿದ್ದವು, ಪ್ರತಿಯೊಂದೂ ಫುಟ್‌ಪಾತಿನಿಂದ ಸರಿಯಾಗಿ ಒಂದು ಗೇಣು ದೂರದಲ್ಲಿ. ಬಾಗಿಲಲ್ಲಿ ಒಬ್ಬ ದಪ್ಪನೆಯ ಮನುಷ್ಯ ಇನ್ನೊಬ್ಬನಿಗೆ ಹೇಳುತ್ತಿದ್ದ: "ನಿಂದು ಸ್ವಲ್ಪ ಸೊಟ್ಟ ಇದೆ ಕಣಯ್ಯಾ. ಹೋಗಿ ಸರಿ ಮಾಡು. ಇವತ್ತಾದ್ರೂ ಆಯಮ್ಮನಿಗೆ ನೆಮ್ಮದಿ ಕೊಡು."

"ಅಮ್ಮ ಒಂದು ಕಾಗದ ಬರೆದೋಳಲ್ಲ," ಎಂದಳು ಮಗಳು. ಅವಳು ಬೇರೆ ಊರಿನ ಬೇಕರಿಯೊಂದರಲ್ಲಿ ಒಲೆ ನೋಡಿಕೊಳ್ಳುವವಳು. ಮುಂಗೈ ತುಂಬ ಸಣ್ಣ ಸಣ್ಣ ಸುಟ್ಟ ಗುರುತು. "ಫೋನ್ ಮಾಡಿದ್ರೆ 'ಊಟ ಆಯ್ತಾ, ಸೀಟ್ ಬೆಲ್ಟ್ ಹಾಕ್ತಿದ್ದೀಯಾ', ಅಷ್ಟೇ. ಅಡುಗೆ ಎಲ್ಲಾ ಅಪ್ಪಂದು. ಕೈಯಲ್ಲಿ ಮಾಡಿದ್ದು ಅಂತ ಉಳಿದಿರೋದು ಇದೊಂದೇ."

"ಕಾಫಿ ಮಾಡ್ತಿದ್ಲಲ್ಲ," ಎಂದಳು ನರ್ಸಮ್ಮ.

"ಕಾಫೀನ ಬೀರುನಲ್ಲಿ ಇಟ್ಕೊಳಕ್ಕಾಗುತ್ತಾ ಆಂಟಿ?"

ನರ್ಸಮ್ಮ ಕೌದಿಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. ಹುಡುಕುವವಳಂತೆ ನಟಿಸುವುದು ಎಷ್ಟು ಕಷ್ಟ ಎಂದು ಅವಳಿಗೆ ಈಗಷ್ಟೇ ಗೊತ್ತಾಗುತ್ತಿತ್ತು. ನಾಲ್ಕು ಕೌದಿಗಳಲ್ಲಿ ಬ್ರೇಕ್ ಟೀಚರ್ ಹಾಕಿದ ಹೊಲಿಗೆ ಒಂದೂ ಇರಲಿಲ್ಲ. ಇದ್ದದ್ದನ್ನೆಲ್ಲ ನರ್ಸಮ್ಮನೇ ಬಿಚ್ಚಿದ್ದಳು.

*

ಆರು ವರ್ಷದ ಹಿಂದೆ ಒಂದು ಗುರುವಾರ, ಕಾಲು ಮುರಿದ ಕನ್ನಡಕ ಹಿಡಿದುಕೊಂಡು ಬ್ರೇಕ್ ಟೀಚರ್ ಕನ್ನಡಕದ ಅಂಗಡಿಗೆ ಬಂದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಷರಗಳು ಕೆಳಗೆ ಹೋದಷ್ಟೂ ಸಣ್ಣದಾಗುವ ಪಟದ ಕೆಳಗೆ, ಕನ್ನಡಕದವನೂ ನರ್ಸಮ್ಮನೂ ಕೂತು ಬಟ್ಟೆ ಹೊಲಿಯುತ್ತಿದ್ದರು. ನರ್ಸಮ್ಮ ಇಪ್ಪತ್ತೊಂಬತ್ತು ವರ್ಷ ಆಪರೇಷನ್ ಕೋಣೆಯಲ್ಲಿ ಸೂಜಿ ದಾರ ಎಣಿಸಿಕೊಟ್ಟವಳು. ನಿವೃತ್ತಿಯಾದ ಮೇಲೆ ಬೆರಳು ಸುಮ್ಮನಿರಲಿಲ್ಲ.

"ಏನ್ ಹೊಲೀತಿದ್ದೀರಾ?"

"ಕೌದಿ."

"ಯಾರಿಗೆ?"

"ಯಾರಿಗೂ ಅಲ್ಲ. ಸುಮ್ನೆ. ಹವ್ಯಾಸ."

"ಹಾಗಾದ್ರೆ ನಂಗೂ ಒಂದು ತುಂಡು ಕೊಡಿ," ಎಂದು ಕುರ್ಚಿ ಎಳೆದುಕೊಂಡಳು. ಚೀಲದಿಂದ ಫ್ಲಾಸ್ಕ್ ತೆಗೆದು ಇಬ್ಬರಿಗೂ ಕಾಫಿ ಬಗ್ಗಿಸಿದಳು. ಮೊದಲ ಗುಟುಕಿಗೇ ಕನ್ನಡಕದವನು ತನ್ನ ಕನ್ನಡಕ ತೆಗೆದಿಟ್ಟ, ಕಣ್ಣು ಮುಚ್ಚಿಕೊಂಡು ಕುಡಿಯಲು.

ಅವರ ಕೆಲಸದ ರೀತಿ ಸರಳ. ಹಳೆಯ ಶರ್ಟು, ಪರದೆ, ಸಮವಸ್ತ್ರಗಳಿಂದ ಗೇಣಗಲದ ಚೌಕ ಕತ್ತರಿಸಿ, ಮೂರು ಪದರ ಜೋಡಿಸಿ, ಮೇಲೆ ಒಂಬತ್ತು ಸಾಲು ಹೊಲಿಗೆ ಹಾಕುವುದು. ಗುರುವಾರಕ್ಕೆ ತಲೆಗೊಂದು ಚೌಕ. ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನರ್ಸಮ್ಮ ಬಂದು ಚೌಕಗಳನ್ನು ಒಂದಕ್ಕೊಂದು ಕೂಡಿಸುವುದು. ಆ ಶುಕ್ರವಾರ ಟೀಚರಿನ ಚೌಕವನ್ನು ಬೆಳಕಿಗೆ ಹಿಡಿದು ಅವಳು ಬಹಳ ಹೊತ್ತು ನೋಡಿದಳು. ಸಾಲುಗಳು ಮೊದಲ ದಿನ ಸ್ಟಿಯರಿಂಗ್ ಹಿಡಿದವರ ಕಾರಿನಂತೆ ಆ ಕಡೆ ಹೊರಳಿ, ಈ ಕಡೆ ನುಗ್ಗಿ, ಎರಡು ಕಡೆ ಫುಟ್‌ಪಾತ್ ಹತ್ತಿದ್ದವು.

"ಮುಂದಿನ ವಾರ ಹೇಳಿಬಿಡ್ತೀನಿ," ಎಂದಳು.

"ಹೇಳಿ," ಎಂದ ಕನ್ನಡಕದವನು. "ಆಮೇಲೆ ಬೇಜಾರಾಗಿ ಬರದೇ ಹೋದ್ರೆ ಕಾಫಿ ನೀವು ಮಾಡ್ಕೊಂಡು ಬನ್ನಿ ಅಕ್ಕಾ. ನಿಮ್ಮ ಕಾಫಿ ಕುಡಿದ ಪುಣ್ಯ ನಂಗೊಂದ್ಸಲ ಸಿಕ್ಕಿದೆ."

ನರ್ಸಮ್ಮ ಸಣ್ಣ ಕತ್ತರಿ ತೆಗೆದುಕೊಂಡು ಹೊಲಿಗೆಯನ್ನೆಲ್ಲ ಬಿಚ್ಚಿ, ಇಂಚಿಗೆ ಎಂಟರಂತೆ ಮತ್ತೆ ಹಾಕಿದಳು. ಮುಂದಿನ ಶುಕ್ರವಾರವೂ. ಅದರ ಮುಂದಿನದೂ. ಆರು ವರ್ಷ.

*

ಟೀಚರ್ ಮನೆಯ ಅಡುಗೆಮನೆಯಲ್ಲಿ ಕನ್ನಡಕದವನು ಬಂದವರಿಗೆಲ್ಲ ಕಾಫಿ ಮಾಡುವ ಹೊಣೆ ಹೊತ್ತು ಒದ್ದಾಡುತ್ತಿದ್ದ. ಯಾರೋ ಕುಡಿಯದೆ ಬಿಟ್ಟ ಏಳು ಲೋಟಗಳು ಸಿಂಕಿನ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು.

"ಏನಾದ್ರೂ ತೋರಿಸಿಬಿಡಿ ಅಕ್ಕಾ," ಎಂದು ಪಿಸುಗುಟ್ಟಿದ. "ನಾನು ಹೊಲಿದ ಚೌಕ ಎಷ್ಟಿಲ್ಲ? ಒಂದನ್ನ ತೋರಿಸಿ ಇದೇ ನಿಮ್ಮಮ್ಮಂದು ಅನ್ನಿ. ನಂಗೇನೂ ಬೇಜಾರಿಲ್ಲ."

"ಆ ಹುಡುಗಿ ಅದನ್ನ ಜೀವಮಾನ ಪೂರ್ತಿ ಇಟ್ಕೋತಾಳೆ ಕಣೋ. ನಿನ್ನ ಹೊಲಿಗೇನ ಮುಖಕ್ಕೆ ಒತ್ಕೊಂಡು ಅಳ್ತಾಳೆ."

ಕನ್ನಡಕದವನು ಒಂದು ಕ್ಷಣ ಅದನ್ನು ಊಹಿಸಿಕೊಂಡ. "ಬೇಡ ಬಿಡಿ," ಎಂದ. ಕಾಫಿ ಉಕ್ಕಿ ಒಲೆಯ ಮೇಲೆ ಹರಿಯಿತು.

"ನಿಂಗೆ ಇದೂ ಬರಲ್ವಲ್ಲೋ!"

"ಟೀಚರಮ್ಮ ಸಕ್ಕರೆ ಮೊದಲು ಹಾಕ್ತಿದ್ರಾ, ಆಮೇಲಾ?"

ನರ್ಸಮ್ಮನಿಗೆ ಗೊತ್ತಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಅವರು ಹಜಾರಕ್ಕೆ ಬಂದಾಗ ಮಗಳು ಕೆಂಪು ಅಂಚಿನ ಕೌದಿಯನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಕೈಯಲ್ಲಿ ದೊಡ್ಡ ಕತ್ತರಿ.

"ಆಂಟಿ, ನಾನೇ ಕಂಡುಹಿಡಿದೆ! ಇದೇ ತಾನೇ?" ಎಂದು ಮಧ್ಯದ ನೀಲಿ ಚೌಕದ ಮೇಲೆ ಬೆರಳಿಟ್ಟಳು. "ನೋಡಿ ಎಷ್ಟು ನೇರ. ಲೇನ್ ಬಿಟ್ಟು ಒಂದು ಚೂರು ಆಚೀಚೆ ಹೋಗಿಲ್ಲ. ಅಮ್ಮನಲ್ಲದೆ ಇನ್ಯಾರು?"

ಅದು ನರ್ಸಮ್ಮನದು. ಅದನ್ನು ಹಾಕಿದ ದಿನವೂ ನೆನಪಿತ್ತು, ಹಲ್ಲುನೋವಿತ್ತು. ಕತ್ತರಿಯ ಬಾಯಿ ಬಟ್ಟೆಯ ಮೇಲೆ ತೆರೆದುಕೊಂಡಿತು. ಹೌದು ಎಂದುಬಿಟ್ಟರೆ ಮುಗಿಯಿತು. ಎರಡು ಅಕ್ಷರವೂ ಬೇಡ, ಗೋಣು ಆಡಿಸಿದರೆ ಸಾಕು.

"ಕತ್ತರಿಸಬೇಡ ಕಣೇ," ಎಂದಳು ನರ್ಸಮ್ಮ. ನೆಲದ ಮೇಲೆ ಕೂತುಬಿಟ್ಟಳು. "ಅದು ನಂದು. ಎಲ್ಲಾನೂ ನಂದೇ, ಇಲ್ಲಾ ಇವಂದು. ನಿಮ್ಮಮ್ಮ ಹೊಲಿದಿದ್ದನ್ನೆಲ್ಲ ಶುಕ್ರವಾರ ಶುಕ್ರವಾರ ನಾನು ಬಿಚ್ಚಿಹಾಕ್ತಿದ್ದೆ. ಸೊಟ್ಟ ಇತ್ತು ಅಂತ. ಒಂದು ಹೊಲಿಗೇನೂ ಬಿಟ್ಟಿಲ್ಲ ಕಣೇ ನಾನು. ಒಂದೂ."

ಮಗಳು ಕತ್ತರಿ ಹಿಡಿದೇ ಇದ್ದಳು. ಅವಳ ಮುಖದಲ್ಲಿ ಸಿಟ್ಟು ಬರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಂತೆ ಕಾಣುತ್ತಿತ್ತು.

"ಆರು ವರ್ಷ?" ಎಂದಳು.

ಮಂಚದ ತಲೆದೆಸೆಯಲ್ಲಿ ಬೆಳಗಿನಿಂದ ಬಾಯಿ ಬಿಡದೆ ಕೂತಿದ್ದ ಟೀಚರ್ ಗಂಡನಿಗೆ ಆಗ ನಗು ಬಂತು. ಊರಿಗೆಲ್ಲ ಕಾರು ಕಲಿಸಿದವಳು ಕೈಚೆಲ್ಲಿದ ಒಬ್ಬನೇ ವಿದ್ಯಾರ್ಥಿ ಅವನು. ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಿದ್ದ. ನಗುವನ್ನು ಕೆಮ್ಮು ಮಾಡಲು ನೋಡಿದ, ಆಗಲಿಲ್ಲ.

"ಅವಳಿಗೆ ಗೊತ್ತಿತ್ತು ನರ್ಸಮ್ಮಾ."

"ಏನು ಗೊತ್ತಿತ್ತು?"

"ನೀವು ಬಿಚ್ಚೋದು. ಮೊದಲನೇ ವರ್ಷಾನೇ. ಫ್ಲಾಸ್ಕಿನ ಮುಚ್ಚಳ ಮರೆತು ಬಂದಿದ್ಲು, ತರೋಣ ಅಂತ ಬೆಳಿಗ್ಗೆ ಹೋದ್ಲು. ಗಾಜಿನಿಂದ ನೋಡಿದ್ರೆ ನೀವು ಒಳಗೆ ಕೂತ್ಕೊಂಡು ಪಟಪಟ ಕೀಳ್ತಿದ್ದೀರಂತೆ. ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಕ್ಲು. ಇಷ್ಟು ವರ್ಷ ನಾನು ಬೇರೆಯವರ ಸ್ಟಿಯರಿಂಗ್ ಎಳೆದೆ, ಈಗ ನನ್ನ ಪಕ್ಕಾನೂ ಒಬ್ಬಳು ಬ್ರೇಕ್ ಇಟ್ಕೊಂಡು ಕೂತಿದ್ದಾಳೆ ಅಂತ."

ನರ್ಸಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಅವತ್ತಿಂದ ದಾರಕ್ಕೆ ಗಂಟು ಹಾಕೋದು ಬಿಟ್ಲು," ಎಂದ ಗಂಡ. "ಯಾಕೆ ಅಂದ್ರೆ, ಗಂಟು ಹಾಕಿದ್ರೆ ಪಾಪ ಬಿಚ್ಚೋಳ ಉಗುರು ನೋಯುತ್ತೆ ಅಂದ್ಲು."

ಹೌದು. ಎರಡನೆಯ ವರ್ಷದಿಂದ ದಾರದ ತುದಿ ಹಿಡಿದು ಒಮ್ಮೆ ಎಳೆದರೆ ಸಾಲಿಗೆ ಸಾಲೇ ಕೈಗೆ ಬರುತ್ತಿತ್ತು. ವಯಸ್ಸಾದಷ್ಟೂ ತನ್ನ ಬೆರಳು ಚುರುಕಾಗುತ್ತಿದೆ ಎಂದು ನರ್ಸಮ್ಮ ನಂಬಿದ್ದಳು. ನಾಲ್ಕು ಜನರ ಹತ್ತಿರ ಹೇಳಿಕೊಂಡೂ ಇದ್ದಳು.

"ಕಳ್ಳಿ," ಎಂದಳು ಮಂಚದ ಕಡೆ ನೋಡಿ. "ನೋಡ್ರೀ, ಏನೂ ಗೊತ್ತಿಲ್ಲದೋಳ ಹಾಗೆ ಮಲಗಿದ್ದಾಳೆ."

ಮೊದಲು ದಪ್ಪನೆಯ ಮನುಷ್ಯ ನಕ್ಕ. ಆಮೇಲೆ ಬಾಗಿಲಲ್ಲಿದ್ದವರೆಲ್ಲ. ಮಗಳೂ ನಕ್ಕಳು. ಆದರೆ ನಗು ಮುಗಿದ ಮೇಲೂ ಕತ್ತರಿ ಕೈಯಲ್ಲೇ ಇತ್ತು, ಕತ್ತರಿಸಲು ಏನೂ ಇರಲಿಲ್ಲ. ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟು ಕೌದಿಯನ್ನು ಮಡಿಸತೊಡಗಿದಳು. ನರ್ಸಮ್ಮನಿಗೆ ಅವಳ ಸಿಟ್ಟಾದರೂ ಬೇಕಿತ್ತು, ಆ ಮಡಿಸುವುದನ್ನು ನೋಡಲಾಗಲಿಲ್ಲ.

"ಅಕ್ಕಾ," ಎಂದ ಕನ್ನಡಕದವನು. ಕಾಫಿಯ ತಟ್ಟೆಯನ್ನು ಕೆಳಗಿಟ್ಟ. "ನೀವು ನಿನ್ನೆ ಅಂಗಡಿಗೆ ಬರಲೇ ಇಲ್ವಲ್ಲ?"

ನಿನ್ನೆ ಶುಕ್ರವಾರ. ನರ್ಸಮ್ಮ ಅಂಗಡಿಯ ಬೀಗಕ್ಕೆ ಕೀಲಿ ಹಾಕಿದ್ದಳಷ್ಟೇ. ಆಗಲೇ ಟೀಚರ್ ನಿದ್ದೆಯಲ್ಲೇ ಹೋದಳೆಂದು ಫೋನ್ ಬಂತು. ಕೀಲಿ ಕಿತ್ತುಕೊಂಡು ಹಾಗೇ ಈ ಮನೆಗೆ ಓಡಿಬಂದಿದ್ದಳು.

*

ಆ ಕೊನೆಯ ಗುರುವಾರ ವಿಶೇಷವಾದದ್ದೇನೂ ನಡೆದಿರಲಿಲ್ಲ. ಹಸಿರು ಪರದೆಯ ತುಂಡಿನ ಮೇಲೆ ಹೊಲಿಯುತ್ತ ಟೀಚರ್, ಗಾಡಿ ಹಿಂದಕ್ಕೆ ತೆಗೆಯಲು ಹೆದರುತ್ತಿದ್ದ ಒಬ್ಬ ವಕೀಲರ ಕತೆ ಹೇಳಿದ್ದಳು. ಅವರು ಗಾಡಿ ತಿರುಗಿಸಬೇಕಾದಾಗಲೆಲ್ಲ ಊರಿಗೇ ಒಂದು ಸುತ್ತು ಹಾಕಿ ಮುಂದಿನಿಂದಲೇ ಬರುತ್ತಿದ್ದರಂತೆ.

"ಎಷ್ಟು ದಿನ ಹಾಗೆ?" ಎಂದು ನರ್ಸಮ್ಮ ಕೇಳಿದ್ದಳು.

"ಈಗ್ಲೂ ಹಾಗೇ. ಪಾಪ, ಖುಷಿಯಾಗಿದ್ದಾರೆ. ಊರೆಲ್ಲ ನೋಡಿದ ಹಾಗಾಯ್ತು," ಎಂದು ಟೀಚರ್ ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದ್ದಳು.

*

ಗಾಡಿ ಇಪ್ಪತ್ತು ನಿಮಿಷ ಮೊದಲೇ ಬಂದಿತ್ತು. ಡ್ರೈವರ್ ಇಳಿದು, ಟೋಪಿ ತೆಗೆದು, ಬೀದಿಯ ಕಾರುಗಳನ್ನು ಮೆಚ್ಚಿ ನೋಡುತ್ತಿದ್ದ. ನರ್ಸಮ್ಮನೂ ಮಗಳೂ ಮೆಟ್ಟಿಲು ಇಳಿದು ಓಡುವುದನ್ನು ಕಂಡು ಗಾಬರಿಯಾದ.

"ಎಲ್ಲಿಗೆ ಹೋಗ್ತಿದ್ದೀರಾ?"

"ಕನ್ನಡಕದ ಅಂಗಡಿಗೆ. ಈಗ ಬಂದ್ವಿ."

"ನಡ್ಕೊಂಡು ಹೋಗಿ ಬರೋಷ್ಟರಲ್ಲಿ ಮೂರಾಗುತ್ತೆ. ಹತ್ತಿ ಅಮ್ಮಾ. ಹಿಂದೆ ಇನ್ನೂ ಖಾಲಿನೇ ಇದೆ."

ಹಿಂದೆಯೇ ಓಡಿಬಂದ ಕನ್ನಡಕದವನಿಗೆ ಹಿಂಬದಿಯ ಜಾಗವೇ ಸಿಕ್ಕಿತು. "ನಾನು ಕೂತ್ಕೋತೀನಿ, ಮಲಗಲ್ಲ," ಎಂದು ಹತ್ತಿದ.

"ಬೆಲ್ಟ್," ಎಂದ ಡ್ರೈವರ್. ಹಾಕಿಕೊಳ್ಳುವವರೆಗೆ ಗಾಡಿ ಕದಲಿಸಲಿಲ್ಲ. "ಟೀಚರಮ್ಮ ಮೂರು ಸಲ ನನ್ನ ಟೆಸ್ಟಿಗೇ ಕಳಿಸ್ಲಿಲ್ಲ. ಆತುರ ಪಡೋರು ಬೇರೆ ಕೆಲಸ ನೋಡ್ಕೊಳ್ಳಿ ಅಂದ್ರು. ಅದಕ್ಕೇ ಆತುರ ಇಲ್ಲದ ಈ ಕೆಲಸ ಹಿಡಿದೆ."

ಒಂದು ನರಪಿಳ್ಳೆಯೂ ಇಲ್ಲದ ತಿರುವಿನಲ್ಲಿ ಅವನು ಇಂಡಿಕೇಟರ್ ಹಾಕಿ ಎರಡೂ ಕಡೆ ನೋಡಿದ. ಎದುರಿಗೆ ಒಂದು ಸೈಕಲ್ ಬಂತು. ಪಕ್ಕದಲ್ಲಿ ಕೂತ ಮಗಳ ಬಲಗಾಲು, ಏನೂ ಇಲ್ಲದ ನೆಲವನ್ನು ಬಲವಾಗಿ ಒತ್ತಿತು. ನರ್ಸಮ್ಮ ಅದನ್ನು ನೋಡಿದಳು.

ಹಿಂದಿನ ಕೋಣೆಯ ಮೇಜಿನ ಮೇಲೆ ಹಸಿರು ಚೌಕ ಬಿಟ್ಟಲ್ಲೇ ಇತ್ತು. ಕನ್ನಡಕದವನು ದೀಪ ಹಾಕಿದ. ಒಂಬತ್ತು ಸಾಲು. ಒಂದು ಹೊಲಿಗೆ ಬೆರಳುದ್ದ, ಅದರ ಪಕ್ಕದ್ದು ಸಾಸಿವೆಯಷ್ಟು. ನಾಲ್ಕನೆಯ ಸಾಲು ಐದನೆಯದನ್ನು ದಾಟಲು ಹೋಗಿ ಅದರ ಮೇಲೇ ಹತ್ತಿತ್ತು. ಕೊನೆಯದು ಅಂಚಿನವರೆಗೆ ಹೋಗಿ, ಜಾಗ ಸಾಲದೆ, ಒಂದು ಸುತ್ತು ಹಾಕಿ ಮುಂದಿನಿಂದಲೇ ವಾಪಸು ಬಂದಿತ್ತು. ದಾರದ ತುದಿಗಳು ಎರಡೂ ಬದಿಯಲ್ಲಿ ಸಡಿಲವಾಗಿ ನೇತಾಡುತ್ತಿದ್ದವು.

"ಅಯ್ಯೋ ದೇವರೇ," ಎಂದಳು ಮಗಳು. "ಎಷ್ಟು ಕೆಟ್ಟದಾಗಿದೆ!" ಕಣ್ಣು ತುಂಬಿ ಬಂದಿತ್ತು, ಮುಖ ಅರಳಿತ್ತು. ತೆಗೆದುಕೊಳ್ಳಲು ಕೈ ಚಾಚಿದಳು.

"ಮುಟ್ಟಬೇಡ!" ಎಂದು ನರ್ಸಮ್ಮ ಕೂಗಿದಳು. "ಹಿಡಿದು ಎತ್ತಿದ್ರೆ ಬಂದುಬಿಡುತ್ತೆ. ಬರ್ಲಿ ಅಂತಾನೇ ಹೊಲಿದಿರೋದು."

ಅವಳು ಕುರ್ಚಿ ಎಳೆದುಕೊಂಡು ಕೂತು ಸೂಜಿಗೆ ಹಸಿರು ದಾರ ಪೋಣಿಸಿದಳು. ಮೊದಲ ಸಾಲಿನ ತುದಿಯನ್ನು ಬಟ್ಟೆಗೆ ಸೇರಿಸಿ ಹಿಡಿದು, ಎರಡು ಸುತ್ತು ಸುತ್ತಿ, ಗಂಟು ಹಾಕಿದಳು. ಇನ್ನೊಂದು ತುದಿಗೆ ಇನ್ನೊಂದು. ಎರಡನೆಯ ಸಾಲು. ಮೂರನೆಯದು. ನಾಲ್ಕನೆಯದಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಇದೊಂದನ್ನ ಮಾತ್ರ ಚೂರು ಪಕ್ಕಕ್ಕೆ ಸರಿಸ್ಲಾ? ಒಂದೇ ಒಂದು ಹೊಲಿಗೆ."

"ಕೈ ತೆಗೀರಿ ಆಂಟಿ."

"ಆಯ್ತು ಮಾರಾಯ್ತಿ."

ಹದಿನೆಂಟು ಗಂಟು. ಕೊನೆಯದನ್ನು ಬಿಗಿದಾಗ ಕನ್ನಡಕದವನು ಸಣ್ಣ ಕತ್ತರಿಯನ್ನು ಅವಳ ಕಡೆ ಚಾಚಿದ. ನರ್ಸಮ್ಮ ತಲೆಯಲ್ಲಾಡಿಸಿದಳು. ಮೇಜಿನ ಮೇಲೆ ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದಳು. ಕಡಿದ ಮೇಲೂ ಎದ್ದೇಳಲಿಲ್ಲ, ಕೆನ್ನೆ ಆ ಸೊಟ್ಟ ಸಾಲುಗಳ ಮೇಲೆ ಹಾಗೇ ಇತ್ತು. ಹೊರಗೆ, ಯಾರೂ ಇಲ್ಲದ ಬೀದಿಯಲ್ಲಿ, ಗಾಡಿಯ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಿತ್ತು.